ಆಲ್ಡಸ್‌ನ ಅಚ್ಚುಮನೆ

ಪುಸ್ತಕವೊಂದು ಕೈಗೆ ಬಂದಾಗ ನಾವು ಬರೆದವರ ಹೆಸರನ್ನು ನೋಡುತ್ತೇವೆ, ಬೆಲೆಯನ್ನೂ ನೋಡುತ್ತೇವೆ. ಅದನ್ನು ಅಚ್ಚು ಹಾಕಿದವರು ಯಾರು, ಕರಡು ತಿದ್ದಿದವರು ಯಾರು ಎಂದು ವಿಚಾರಿಸುವವರು ಕಡಿಮೆ. ಅಂತಹವರೇ ತುಂಬಿದ್ದ ಒಂದು ಮನೆಗೆ ಇಂದು ಹೋಗಿ ಬರೋಣ. ಅದು ಐದು ಶತಮಾನಗಳ ಹಿಂದೆ ಇಟಲಿಯ ವೆನಿಸ್ ನಗರದಲ್ಲಿತ್ತು. ಯಜಮಾನನ ಹೆಸರು ಆಲ್ದೋ ಮನೂಜಿಯೋ. ಲ್ಯಾಟಿನ್ ಹೆಸರಿನಿಂದ ಜಗತ್ತು ಆತನನ್ನು ಆಲ್ಡಸ್ ಎಂದು ಕರೆಯುತ್ತದೆ.

ಮೇಷ್ಟ್ರು ಮುದ್ರಕನಾದ

ಆಲ್ಡಸ್ ಹುಟ್ಟಿದ್ದು 1450ರ ಆಸುಪಾಸಿನಲ್ಲಿ, ರೋಮ್ ನಗರದ ದಕ್ಷಿಣಕ್ಕಿರುವ ಬಸ್ಸಿಯಾನೋ ಎಂಬ ಸಣ್ಣ ಊರಿನಲ್ಲಿ. ರೋಮ್‌ನಲ್ಲಿ ಲ್ಯಾಟಿನ್ ಕಲಿತ, ಫೆರಾರದಲ್ಲಿ ಗ್ರೀಕ್ ಕಲಿತ. ಕಾರ್ಪಿ ಸಂಸ್ಥಾನದ ಇಬ್ಬರು ರಾಜಕುಮಾರರಿಗೆ ಪಾಠ ಹೇಳಿಕೊಟ್ಟ. ನಲವತ್ತರ ವಯಸ್ಸಿನವರೆಗೂ ಆತ ಮೇಷ್ಟ್ರೇ. ಅಂಥವನು 1490ರ ಸುಮಾರಿಗೆ ವೆನಿಸ್‌ಗೆ ಬಂದು ಅಚ್ಚುಕೂಟದ ಕನಸು ಕಟ್ಟತೊಡಗಿದ.

ಈ ಕನಸಿಗೆ ಕಾರಣವಿತ್ತು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರ ತುರ್ಕರ ಕೈಸೇರಿತು. ಅದಕ್ಕೂ ಮುಂಚಿನಿಂದಲೇ ಇಟಲಿಗೆ ಬರುತ್ತಿದ್ದ ಗ್ರೀಕ್ ವಿದ್ವಾಂಸರು ಈಗ ಇನ್ನೂ ಹೆಚ್ಚಾಗಿ ಬಂದರು, ಹಸ್ತಪ್ರತಿಗಳನ್ನೂ ಹೊತ್ತು ತಂದರು. ಹೊಸ ಒಡಂಬಡಿಕೆ ಬರೆಯಲ್ಪಟ್ಟದ್ದು ಗ್ರೀಕ್ ಭಾಷೆಯಲ್ಲಿ. ಅರಿಸ್ಟಾಟಲ್, ಪ್ಲೇಟೋ ಬರೆದದ್ದೂ ಅದರಲ್ಲೇ. ಆದರೆ ಈ ಗ್ರಂಥಗಳಲ್ಲಿ ಎಷ್ಟೋ ಕೃತಿಗಳ ಕೆಲವೇ ಪ್ರತಿಗಳು ಉಳಿದಿದ್ದವು. ಒಂದು ಬೆಂಕಿ, ಒಂದು ಪ್ರವಾಹ, ಇಲ್ಲವೇ ಒಂದು ಗೆದ್ದಲ ಗೂಡು ಸಾಕಿತ್ತು, ಶತಮಾನಗಳ ಜ್ಞಾನ ಮಣ್ಣುಪಾಲಾಗಲು. ಒಂದು ಪ್ರತಿ ಸಾವಿರವಾದರೆ ಮಾತ್ರ ಅದು ಉಳಿದೀತು ಎಂಬುದು ಆಲ್ಡಸ್‌ನ ಲೆಕ್ಕ.

ಮೇಷ್ಟ್ರ ಬಳಿ ಹಣವೆಲ್ಲಿಂದ ಬರಬೇಕು? ಆಂದ್ರೆಯಾ ತೊರೆಸಾನಿ ಎಂಬ ಅನುಭವಿ ಮುದ್ರಕ ಪಾಲುದಾರನಾದ. ವೆನಿಸ್‌ನ ಅಧಿಪತಿಯ ಮನೆತನಕ್ಕೆ ಸೇರಿದ ಬಾರ್ಬರಿಗೋ ಎಂಬ ಶ್ರೀಮಂತ ಬಂಡವಾಳ ಹಾಕಿದ. 1495ರಲ್ಲಿ ಮೊದಲ ಪುಸ್ತಕ ಹೊರಬಂತು. ಅದು ಲಾಸ್ಕಾರಿಸ್ ಎಂಬ ವಿದ್ವಾಂಸನ ಗ್ರೀಕ್ ವ್ಯಾಕರಣ. ಅಂಗಡಿ ತೆರೆದವನು ಮೇಷ್ಟ್ರಲ್ಲವೇ? ಓದುಗನಿಗೆ ಮೊದಲು ಅಕ್ಷರ ಕಲಿಸಿ, ಆಮೇಲೆ ಗ್ರಂಥ ಕೊಡಲು ಹೊರಟ. ಅದೇ ವರ್ಷ ಆರಂಭಿಸಿ 1498ರೊಳಗೆ ಅರಿಸ್ಟಾಟಲನ ಕೃತಿಗಳನ್ನು ಮೂಲ ಗ್ರೀಕ್‌ನಲ್ಲೇ ಐದು ಸಂಪುಟಗಳಲ್ಲಿ ಮುದ್ರಿಸಿದ.

ಮೂವತ್ತು ಜನರ ಸಂಸಾರ

ಆ ಕಾಲದಲ್ಲಿ ಅಚ್ಚುಕೂಟವೂ ಮನೆಯೂ ಒಂದೇ. 1505ರಲ್ಲಿ ಆಲ್ಡಸ್ ಪಾಲುದಾರ ತೊರೆಸಾನಿಯ ಮಗಳು ಮರಿಯಳನ್ನು ಮದುವೆಯಾದ. ಮುಂದೆ ಎರಡು ಸಂಸಾರಗಳೂ ಸಾನ್ ಪಾತೆರ್ನಿಯಾನ್ ಚರ್ಚಿನ ಬಳಿ ಒಂದೇ ಸೂರಿನಡಿ ಸೇರಿದವು. ಹೆಂಡತಿ ಮಕ್ಕಳು, ಮಾವ, ಭಾವಮೈದುನರು, ಕೆಲಸಗಾರರು, ಆಳುಗಳು, ಅತಿಥಿ ಪಂಡಿತರು ಎಲ್ಲ ಸೇರಿ ಊಟಕ್ಕೆ ಕೂರುವವರು ಮೂವತ್ತು ಜನ.

ಒಂದು ಕಡೆ ಮೊಳೆ ಜೋಡಿಸುವವರು ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಸಾಲುಗಟ್ಟುತ್ತಿದ್ದರು. ಇನ್ನೊಂದು ಕಡೆ ಒಬ್ಬ ಚರ್ಮದ ಉಂಡೆಗಳಿಂದ ಶಾಯಿ ಬಳಿದರೆ, ಮತ್ತೊಬ್ಬ ಒದ್ದೆ ಮಾಡಿದ ಕಾಗದವಿಟ್ಟು ಮರದ ಯಂತ್ರದ ಹಿಡಿಯನ್ನು ಎಳೆಯುತ್ತಿದ್ದ. ಅಚ್ಚಾದ ಹಾಳೆಗಳನ್ನು ಹಗ್ಗದ ಮೇಲೆ ಬಟ್ಟೆಯಂತೆ ಒಣಹಾಕಬೇಕು. ಗ್ರೀಕ್ ಕೆಲಸ ಇನ್ನೂ ಕಷ್ಟದ್ದು. ಅಕ್ಷರದ ಮೇಲೆ ಸ್ವರಚಿಹ್ನೆ, ಉಸಿರಿನ ಚಿಹ್ನೆ, ಜೊತೆಗೆ ಕೂಡಕ್ಷರಗಳು. ನೂರಾರು ಬಗೆಯ ಮೊಳೆಗಳಿಲ್ಲದೆ ಒಂದು ಪುಟವೂ ಏಳುತ್ತಿರಲಿಲ್ಲ. ನಮ್ಮ ಹಳೆಯ ಅಚ್ಚುಕೂಟಗಳಲ್ಲಿ ಕನ್ನಡದ ಒತ್ತಕ್ಷರಗಳ ಮೊಳೆಗಳೊಡನೆ ಹೆಣಗಿದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಈ ಮನೆಯವರಿಗೆ ಗ್ರೀಕ್‌ನ ಹುಚ್ಚು ಎಷ್ಟಿತ್ತೆಂದರೆ, 1502ರ ಸುಮಾರಿಗೆ ಅವರು ತಮಗೆ ತಾವೇ ಒಂದು ನಿಯಮಾವಳಿಯನ್ನು ಅಚ್ಚು ಹಾಕಿಕೊಂಡರು. ಕೂಟ ಸೇರಿದಾಗ ಗ್ರೀಕ್ ಬಿಟ್ಟು ಬೇರೆ ಭಾಷೆ ಆಡಕೂಡದು. ತಪ್ಪಿ ಆಡಿದರೆ ದಂಡ. ದಂಡದ ಹಣ ಪೆಟ್ಟಿಗೆಗೆ ಬೀಳಬೇಕು. ಪೆಟ್ಟಿಗೆ ತುಂಬಿದಾಗ ಆಲ್ಡಸ್ ಎಲ್ಲರಿಗೂ ಒಳ್ಳೆಯ ಔತಣ ಕೊಡಬೇಕು, ಅದು ಅಚ್ಚುಕೂಟದ ದಿನನಿತ್ಯದ ಊಟದಂತೆ ಇರಬಾರದು! ಈ ಹಾಳೆಯ ಒಂದು ಪ್ರತಿ ವ್ಯಾಟಿಕನ್ ಗ್ರಂಥಾಲಯದಲ್ಲಿ ಉಳಿದುಕೊಂಡಿದೆ. ಕೂಟ ಎಷ್ಟು ಕ್ರಮಬದ್ಧವಾಗಿ ನಡೆಯಿತು ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಅಂತಹ ಆಟವನ್ನು ಕಟ್ಟುವಷ್ಟು ಪ್ರೀತಿ ಆ ಮನೆಯಲ್ಲಿತ್ತು ಎಂಬುದಕ್ಕೆ ಆ ಹಾಳೆಯೇ ಸಾಕ್ಷಿ.

ಎರಾಸ್ಮಸ್ ಬಂದ

1507ರ ಅಕ್ಟೋಬರ್‌ನಲ್ಲಿ ಬೊಲೋನ್ಯಾದಿಂದ ಆಲ್ಡಸ್‌ಗೆ ಒಂದು ಪತ್ರ ಬಂತು. ಬರೆದವನು ಹಾಲೆಂಡಿನ ಗುರು, ಮಹಾವಿದ್ವಾಂಸ ಎರಾಸ್ಮಸ್. ತಾನು ಗ್ರೀಕ್‌ನಿಂದ ಲ್ಯಾಟಿನ್‌ಗೆ ಅನುವಾದಿಸಿದ ಎರಡು ನಾಟಕಗಳನ್ನು ಅಚ್ಚು ಹಾಕಿಕೊಡುವಿರಾ ಎಂದು ಕೇಳಿದ್ದ. ಪುಸ್ತಕ ಆ ವರ್ಷಾಂತ್ಯಕ್ಕೇ ಸಿದ್ಧವಾಯಿತು. ಆಮೇಲೆ ಎರಾಸ್ಮಸ್ ತಾನೇ ವೆನಿಸ್‌ಗೆ ಬಂದು ಈ ಮನೆಯಲ್ಲಿ ತಿಂಗಳುಗಟ್ಟಲೆ ಉಳಿದ. ಮುಂದೆ ಕಾರ್ಡಿನಲ್ ಆದ ಜಿರೋಲಾಮೋ ಅಲೆಯಾಂದ್ರೋ ಆಗ ಆತನ ಜೊತೆ ಒಂದೇ ಕೋಣೆಯಲ್ಲಿದ್ದ ಯುವಕ.

ಎರಾಸ್ಮಸ್ ತಂದಿದ್ದ ಕೆಲಸ ಗಾದೆಗಳ ಸಂಗ್ರಹ. 1500ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾದಾಗ ಅದರಲ್ಲಿ ಸುಮಾರು 800 ಗಾದೆಗಳಿದ್ದವು. 1508ರ ಸೆಪ್ಟೆಂಬರ್‌ನಲ್ಲಿ ಆಲ್ಡಸ್‌ನ ಮನೆಯಿಂದ ಹೊರಬಂದಾಗ ಮೂರು ಸಾವಿರ ದಾಟಿದ್ದವು. ಅಚ್ಚುಕೂಟದ ಗದ್ದಲದಲ್ಲೇ ಒಂದು ಮೂಲೆಯಲ್ಲಿ ಕುಳಿತು ಎರಾಸ್ಮಸ್ ಬರೆಯುವುದು, ಶಾಯಿ ಆರುವ ಮೊದಲೇ ಹಾಳೆ ಮೊಳೆ ಜೋಡಿಸುವವರ ಕೈಸೇರುವುದು. ಕಿವಿ ತುರಿಸಿಕೊಳ್ಳಲೂ ಬಿಡುವಿರಲಿಲ್ಲ ಎಂದು ಆತನೇ ನೆನೆದಿದ್ದಾನೆ. ಇನ್ನೂ ಒಂದು ವಿಷಯವನ್ನು ಆತ ಕೃತಜ್ಞತೆಯಿಂದ ಬರೆದಿದ್ದಾನೆ. ಪರದೇಶಿಯಾದ ತನಗೆ ಆಲ್ಡಸ್‌ನ ಬಳಗದ ಪಂಡಿತರು ಇನ್ನೂ ಅಚ್ಚಾಗದ ಅಪರೂಪದ ಹಸ್ತಪ್ರತಿಗಳನ್ನು ತಾವಾಗಿಯೇ ತಂದುಕೊಟ್ಟರಂತೆ. ತನಗೆ ಗೊತ್ತಿದ್ದನ್ನು ಬಚ್ಚಿಟ್ಟುಕೊಳ್ಳುವ ಪಂಡಿತರು ಎಲ್ಲ ಕಾಲದಲ್ಲೂ ಇದ್ದಾರೆ. ಇಲ್ಲಿದ್ದವರು ಬೇರೆ ಜಾತಿಯವರು.

ಊಟದ ವಿಷಯ ಮಾತ್ರ ಬೇರೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ, 1531ರಲ್ಲಿ, ಎರಾಸ್ಮಸ್ ಒಂದು ವಿಡಂಬನೆ ಬರೆದು ಮಾವ ತೊರೆಸಾನಿಯ ಜಿಪುಣತನವನ್ನು ಚೆನ್ನಾಗಿ ಗೇಲಿ ಮಾಡಿದ. ನೀರು ಬೆರೆಸಿದ ವೈನು, ಕಲ್ಲಿನಂತಹ ರೊಟ್ಟಿ, ಹೊಲಸು ನೀರಿನಿಂದ ತಂದ ಚಿಪ್ಪುಮೀನು! ಆ ಮನೆಯಲ್ಲಿ ತಾನು ಕುಡಿದು ಕಾಲ ಕಳೆದನೆಂದು ವಿರೋಧಿಯೊಬ್ಬ ಚುಚ್ಚಿದ್ದಕ್ಕೆ ಇದು ಆತ ಕೊಟ್ಟ ಉತ್ತರವೂ ಹೌದು. ವಿಡಂಬನೆಯಲ್ಲಿ ಉಪ್ಪುಖಾರ ಹೆಚ್ಚಿರುತ್ತದೆ, ನಿಜ. ಆದರೂ ಗ್ರೀಕ್ ಕೂಟದವರು ಬೇರೆಯೇ ಔತಣ ಬೇಕೆಂದು ನಿಯಮದಲ್ಲಿ ಬರೆದಿಟ್ಟದ್ದು ಏಕೆಂದು ಈಗ ತಿಳಿಯುತ್ತದೆ.

ಬಾಗಿಲ ಮೇಲಿನ ಬರಹ

ಪ್ರೀತಿಯ ಕೆಲಸವೆಂದ ಮಾತ್ರಕ್ಕೆ ಕಷ್ಟ ತಪ್ಪುವುದಿಲ್ಲ. ಕೆಲಸಗಾರರು ತನ್ನ ಮನೆಯಲ್ಲೇ ನಾಲ್ಕು ಬಾರಿ ತನ್ನ ವಿರುದ್ಧ ಒಳಸಂಚು ಹೂಡಿದರೆಂದು ಆಲ್ಡಸ್ 1503ರಲ್ಲಿ ನೊಂದು ಬರೆದ. ಆ ಬಡ ಕೆಲಸಗಾರರ ದೂರೇನಿತ್ತು ಎಂಬುದನ್ನು ಮಾತ್ರ ಆತ ಹೇಳುವುದಿಲ್ಲ. ಫ್ರಾನ್ಸಿನ ಲಿಯಾನ್ ನಗರದ ಮುದ್ರಕರು ಆತನ ಪುಸ್ತಕಗಳನ್ನು ಅಕ್ಷರದ ಆಕಾರವೂ ಬಿಡದಂತೆ ನಕಲು ಮಾಡಿ ಮಾರಿದರು. ನಕಲಿಯನ್ನು ಗುರುತಿಸಲೆಂದು ಆಲ್ಡಸ್ ಅವುಗಳಲ್ಲಿದ್ದ ತಪ್ಪುಗಳ ಪಟ್ಟಿಯನ್ನು ಪ್ರಕಟಿಸಿದ. ಅವರು ಅದೇ ಪಟ್ಟಿ ನೋಡಿ ತಮ್ಮ ತಪ್ಪುಗಳನ್ನು ತಿದ್ದಿಕೊಂಡರು! 1506ರಲ್ಲಿ ವರ್ಜಿಲ್ ಕವಿಯ ಹಳೆಯ ಹಸ್ತಪ್ರತಿಗಳನ್ನು ಹುಡುಕಿಕೊಂಡು ಹೋಗಿದ್ದಾಗ ಮಾಂಟುವಾ ಸಂಸ್ಥಾನದ ಕಾವಲುಗಾರರು ಆತನನ್ನು ಅಪರಾಧಿಯೆಂದು ತಪ್ಪು ತಿಳಿದು ಹಿಡಿದು ಕೆಲ ದಿನ ಸೆರೆಯಲ್ಲಿಟ್ಟರು. 1509ರಲ್ಲಿ ವೆನಿಸ್‌ನ ಮೇಲೆ ಯುದ್ಧ ಬಿದ್ದಾಗ ಆತ ಊರನ್ನೇ ಬಿಟ್ಟ. ಹಿಂದಿರುಗಿದ್ದು 1512ರಲ್ಲಿ.

ಇವೆಲ್ಲದರ ಮೇಲೆ ಬರುವವರ ಕಾಟ. ಕೆಲಸವಿಲ್ಲದವರು ಬಂದು ಕುಳಿತು ಆಕಳಿಸುತ್ತಿದ್ದರಂತೆ. ಕಡೆಗೆ ಬಾಗಿಲ ಮೇಲೆ ಒಂದು ಬರಹ ಹಾಕಿಸಿದ್ದಾಗಿ 1514ರಲ್ಲಿ ಆಲ್ಡಸ್ ಹೇಳಿಕೊಂಡಿದ್ದಾನೆ. ಬಂದವರು ತಮ್ಮ ವಿಷಯವನ್ನು ಚುಟುಕಾಗಿ ಹೇಳಿ ಹೊರಡಬೇಕು, ಇಲ್ಲವಾದರೆ ಹೆಗಲು ಕೊಟ್ಟು ದುಡಿಯಲು ಬರಬೇಕು, ಏಕೆಂದರೆ ಇಲ್ಲಿ ಕೆಲಸಕ್ಕೆ ಕೊರತೆಯಿಲ್ಲ ಎಂಬುದು ಅದರ ಸಾರಾಂಶ.

ಕೈಗೆ ಬಂದ ಗ್ರಂಥ

1500ರಲ್ಲಿ ಆಲ್ಡಸ್ ಸಿಯೆನಾದ ಸಂತ ಕ್ಯಾಥರೀನರ ಮುನ್ನೂರೈವತ್ತಕ್ಕೂ ಹೆಚ್ಚು ಪತ್ರಗಳನ್ನು ಪ್ರಕಟಿಸಿದ. ಬಟ್ಟೆಗೆ ಬಣ್ಣ ಹಾಕುವವನ ಮಗಳಾಗಿ ಹುಟ್ಟಿ, ಶಾಲೆಯ ಮೆಟ್ಟಿಲು ಹತ್ತದೆ, ಪತ್ರಗಳನ್ನು ಹೇಳಿ ಬರೆಸಿದ ಈ ಮಹಿಳೆಯನ್ನು 1970ರಲ್ಲಿ ಧರ್ಮಸಭೆ ತನ್ನ ಮಹಾಬೋಧಕರ ಸಾಲಿಗೆ ಸೇರಿಸಿತು. ಆ ಪುಸ್ತಕದ ಚಿತ್ರದಲ್ಲಿ ಸಂತರ ಕೈಯಲ್ಲಿರುವ ಹೃದಯ ಮತ್ತು ಹೊತ್ತಿಗೆಯ ಮೇಲೆ ಯೇಸುವಿನ ಹೆಸರು ಬಲಕ್ಕೆ ಓರೆಯಾದ ಹೊಸ ಅಕ್ಷರಗಳಲ್ಲಿದೆ. ಇಂದು ನಾವು ಇಟಾಲಿಕ್ ಎನ್ನುವ ಅಕ್ಷರ ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದು ಅಲ್ಲಿ. ಅದನ್ನು ಕೆತ್ತಿದ ಕುಶಲಕರ್ಮಿ ಫ್ರಾಂಚೆಸ್ಕೋ ಗ್ರಿಫೋ.

ಮರುವರ್ಷ, 1501ರಲ್ಲಿ, ವರ್ಜಿಲನ ಕಾವ್ಯ ಇಡಿಯಾಗಿ ಅದೇ ಅಕ್ಷರದಲ್ಲಿ, ಅಂಗೈಯಗಲದ ಪುಟ್ಟ ಪುಸ್ತಕವಾಗಿ ಬಂತು. ಅದುವರೆಗೆ ಇಂತಹ ಕಾವ್ಯಗಳು ಸಾಮಾನ್ಯವಾಗಿ ಮೇಜಿನ ಮೇಲಿಟ್ಟೇ ಓದಬೇಕಾದ ಭಾರದ ಗ್ರಂಥಗಳು. ನಡುವೆ ಪದ್ಯ, ಸುತ್ತಲೂ ವ್ಯಾಖ್ಯಾನದ ಬೇಲಿ. ಆಲ್ಡಸ್ ಬೇಲಿಯನ್ನು ಕಿತ್ತು ಹಾಕಿದ. ಭಕ್ತರ ಪ್ರಾರ್ಥನಾ ಪುಸ್ತಕಗಳು ಮೊದಲೇ ಕೈಗೆ ಒಗ್ಗುವ ಗಾತ್ರದಲ್ಲಿದ್ದವು. ಆ ಭಾಗ್ಯ ಈಗ ಕಾವ್ಯಕ್ಕೂ ಬಂತು. ಪ್ರಯಾಣದಲ್ಲಿ, ಮರದ ನೆರಳಿನಲ್ಲಿ, ಒಬ್ಬನೇ ಕುಳಿತು ಓದುವ ಓದುಗ ಹೆಚ್ಚಾದ.

ಕೊನೆಯ ಕರಡು

ಮನೆಯಲ್ಲಿ ಕರಡು ತಿದ್ದಲು ಸೆರಾಫಿನೋ ಎಂಬವನಿದ್ದ. ಎರಾಸ್ಮಸ್ ತನ್ನ ಪುಸ್ತಕದ ಕರಡನ್ನು ತಾನೂ ನೋಡುತ್ತಿದ್ದ. ಅವರಿಬ್ಬರ ನಂತರ ಆಲ್ಡಸ್ ಮತ್ತೆ ಕುಳಿತು ಓದುತ್ತಿದ್ದ. ಇಷ್ಟೆಲ್ಲ ಆದ ಮೇಲೆ ನಿಮಗೇಕೆ ಈ ಶ್ರಮ ಎಂದು ಎರಾಸ್ಮಸ್ ಕೇಳಿದ. ಆಲ್ಡಸ್ ಒಂದೇ ಪದದಲ್ಲಿ ಉತ್ತರಿಸಿದನಂತೆ: ತಾನು ಕಲಿಯುತ್ತಿದ್ದೇನೆ ಎಂದು.

ಆಗ ಆತನ ವಯಸ್ಸು ಅರವತ್ತರ ಹತ್ತಿರ. ಯುರೋಪಿನ ಪಂಡಿತರೆಲ್ಲ ಗೌರವಿಸುತ್ತಿದ್ದ ಮನುಷ್ಯ. ಆ ಉತ್ತರದಲ್ಲಿ ವಿನಯವಿದೆ, ಜವಾಬ್ದಾರಿಯೂ ಇದೆ. ಕೈಬರಹದ ಪ್ರತಿಯಲ್ಲಿ ತಪ್ಪಾದರೆ ಅದು ಒಂದು ತಪ್ಪು, ಅಚ್ಚಿನಲ್ಲಿ ತಪ್ಪಾದರೆ ಸಾವಿರ ತಪ್ಪು. ಅಳಿದುಹೋಗುವುದನ್ನು ಉಳಿಸಲು ಹೊರಟ ಯಂತ್ರವೇ ಸುಳ್ಳನ್ನೂ ಅಷ್ಟೇ ಗಟ್ಟಿಯಾಗಿ ಉಳಿಸಬಲ್ಲದು. 1513ರಲ್ಲಿ ಪ್ಲೇಟೋನ ಕೃತಿಗಳನ್ನು ಪ್ರಕಟಿಸಿ ಪೋಪ್ ಹತ್ತನೆಯ ಲಿಯೋ ಅವರಿಗೆ ಅರ್ಪಿಸುವಾಗ, ಸಾಧ್ಯವಾದರೆ ಒಂದೊಂದು ತಪ್ಪಿಗೂ ಒಂದೊಂದು ಚಿನ್ನದ ನಾಣ್ಯ ತೆತ್ತು ತಿದ್ದಿಸುತ್ತಿದ್ದೆ ಎಂಬರ್ಥದ ಮಾತನ್ನು ಆಲ್ಡಸ್ ಬರೆದದ್ದು ಇದೇ ಸಂಕಟದಿಂದ.

1515ರ ಫೆಬ್ರವರಿ 6ರಂದು ಆತ ತೀರಿಕೊಂಡ. ಸಾನ್ ಪಾತೆರ್ನಿಯಾನ್ ಚರ್ಚಿನಲ್ಲಿ ಪಾರ್ಥಿವ ಶರೀರದ ಸುತ್ತ ಪುಸ್ತಕಗಳನ್ನು ಇರಿಸಿದ್ದರೆಂದು ವೆನಿಸ್‌ನ ದಿನಚರಿಕಾರ ಮರಿನ್ ಸನೂದೋ ಬರೆದಿಟ್ಟಿದ್ದಾನೆ. ಮನೆಯ ಕೆಲಸ ನಿಲ್ಲಲಿಲ್ಲ. 1518ರಲ್ಲಿ ಅಲ್ಲಿಂದ ಇಡೀ ಬೈಬಲ್ ಗ್ರೀಕ್‌ನಲ್ಲಿ ಹೊರಬಂತು. ತಂದೆ ತೀರಿಕೊಂಡಾಗ ಎರಡು ವರ್ಷದ ಕೂಸಾಗಿದ್ದ ಮಗ ಪಾವೊಲೋ ಮುಂದೆ ಪೋಪರ ಕರೆಯ ಮೇರೆಗೆ 1561ರಲ್ಲಿ ರೋಮ್‌ಗೆ ಹೋದ. ಟ್ರೆಂಟ್ ಮಹಾಸಭೆಯ ನಿರ್ಣಯಗಳನ್ನೂ 1566ರ ರೋಮನ್ ಧರ್ಮೋಪದೇಶ ಗ್ರಂಥವನ್ನೂ ಮುದ್ರಿಸಿದ್ದು ಆತನೇ.

ಆಲ್ಡಸ್‌ನ ಹೆಸರು ನಮ್ಮ ಕನ್ನಡ ನಾಡಿಗೂ ಒಂದು ವಿಚಿತ್ರ ದಾರಿಯಲ್ಲಿ ಬಂದು ಮುಟ್ಟಿತು. 1985ರಲ್ಲಿ ಪುಟವಿನ್ಯಾಸಕ್ಕಾಗಿ ಪೇಜ್‌ಮೇಕರ್ ಎಂಬ ಗಣಕ ತಂತ್ರಾಂಶವನ್ನು ಹೊರತಂದ ಅಮೆರಿಕದ ಕಂಪನಿ ಇಟ್ಟುಕೊಂಡಿದ್ದ ಹೆಸರು ಆಲ್ಡಸ್. ಮೊಳೆಗಳು ಮೂಲೆ ಸೇರಿದ ಕಾಲದಲ್ಲಿ ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಎಷ್ಟೋ ಮದುವೆ ಕರೆಯೋಲೆಗಳು, ಹಬ್ಬದ ಸಂಚಿಕೆಗಳು, ಪುಸ್ತಕಗಳು ಸಿದ್ಧವಾದದ್ದು ಅದೇ ತಂತ್ರಾಂಶದಲ್ಲಿ. ಯಂತ್ರ ಬದಲಾಗುತ್ತದೆ. ಆದರೆ ಗುಂಡಿ ಒತ್ತಿದ ಕ್ಷಣದಲ್ಲಿ ಒಂದು ತಪ್ಪು ಲಕ್ಷ ಜನರಿಗೆ ತಲುಪುವ ಈ ದಿನಗಳಲ್ಲಿ, ಕೊನೆಯ ಕರಡನ್ನು ಇನ್ನೊಮ್ಮೆ ಓದುವ ಆ ಹಿರಿಯ ವಿದ್ಯಾರ್ಥಿಯ ಅಗತ್ಯ ಮಾತ್ರ ಕಡಿಮೆಯಾಗಿಲ್ಲ.