ಎನ್‌ಫೀಲ್ಡ್ ಕಾಡತೂಸು ಮತ್ತು ಧಾರವಾಡ ಸೀಮೆಯ ಬಂಡಾಯ: ಒಂದು ವಿವೇಚನೆ

1857ರ ಬಂಡಾಯಕ್ಕೆ ಕೊಬ್ಬು ಸವರಿದ ಕಾಡತೂಸೇ ಕಾರಣವೆಂದು ಶಾಲೆಯ ಪಾಠಗಳಿಂದ ಮೊದಲ್ಗೊಂಡು ಹೇಳಿಬರುವ ಮಾತನ್ನು ಧಾರವಾಡ ಸೀಮೆಗೆ ಅನ್ವಯಿಸುವ ಮುನ್ನ, ಆ ಕಾಡತೂಸು ಎಂಥದು, ಅದಕ್ಕೆ ಜಿಡ್ಡೇಕೆ ಬೇಕಾಯಿತು ಎಂಬುದನ್ನು ಪರಿಶೀಲಿಸುವುದು ಅವಶ್ಯವೆಂದು ನನಗೆ ತೋರುತ್ತದೆ.

ಪೋರ್ಚುಗೀಸರ ಶಬ್ದವು ಮರಾಠಿಯ ಮೂಲಕ ಬಂದು ನಮ್ಮಲ್ಲಿ ‘ಕಾಡತೂಸು’ ಎಂದು ನೆಲೆನಿಂತಿತು. ಅಂದಿನ ಕಾಡತೂಸು ಇಂದಿನಂತೆ ಹಿತ್ತಾಳೆಯದಲ್ಲ. ಮದ್ದನ್ನೂ ಗುಂಡನ್ನೂ ಒಳಗೊಂಡ ಕಾಗದದ ಸುರುಳಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ ಥ್ಯಾಕರೆ ಕಿತ್ತೂರಿನ ಮುಂದೆ ಮಡಿದ ಕಾಲಕ್ಕೆ ಕಂಪನಿಯ ಸಿಪಾಯಿಯು ಹಿಡಿದಿದ್ದ ಚಕಮಕಿ ಬಂದೂಕಿನ ನಳಿಗೆಯು ಒಳಗೆ ನುಣುಪಾಗಿದ್ದು, ಗುಂಡು ಅದಕ್ಕಿಂತ ಸಣ್ಣದಾಗಿದ್ದುದರಿಂದ, ಸಡಿಲವಾಗಿಯೇ ಒಳಗಿಳಿಯುತ್ತಿತ್ತು. ಅದರ ಸುರುಳಿಯನ್ನೂ ಸಿಪಾಯಿಯು ಹಲ್ಲಿನಿಂದಲೇ ಕಚ್ಚಿ ಹರಿಯುತ್ತಿದ್ದನು. ಕಚ್ಚುವುದು ಹಳೆಯದು, ಜಿಡ್ಡು ಮಾತ್ರ ಹೊಸದು. ಈ ಭೇದವನ್ನು ನಮ್ಮ ಲೇಖಕರು ಸಾಕಷ್ಟು ಗಮನಿಸಿಲ್ಲ.

ಜಿಡ್ಡು ಬೇಕಾದುದು 1853ರ ಎನ್‌ಫೀಲ್ಡ್ ರೈಫಲ್ಲಿಗೆ. ಅದರ ನಳಿಗೆಯ ವ್ಯಾಸವು 0.577 ಅಂಗುಲ, ಒಳಮೈಯಲ್ಲಿ ತಿರುಚಿಕೊಂಡು ಸಾಗುವ ಮೂರು ಗೀರುಗಳು. ಸುಮಾರು 34 ಗ್ರಾಂ ತೂಕದ, ತಳದಲ್ಲಿ ಪೊಳ್ಳಾದ ನೀಳ ಸೀಸದ ಗುಂಡು, ನಾಲ್ಕೂವರೆ ಗ್ರಾಮಿನಷ್ಟು ಕರಿಮದ್ದು ಸಿಡಿದೊಡನೆ ಹಿಗ್ಗಿ ಆ ಗೀರುಗಳನ್ನು ಕಚ್ಚಿ ಹಿಡಿದು, ಸುತ್ತುತ್ತ ಹೊರಬಿದ್ದು, ಹಳೆಯ ಬಂದೂಕು ನೂರು ಗಜದಾಚೆ ಗುರಿತಪ್ಪುತ್ತಿದ್ದಲ್ಲಿ, ಹಲವು ನೂರು ಗಜಗಳ ದೂರವನ್ನು ಸಾಧಿಸುತ್ತಿತ್ತು. ಆದರೆ ಕರಿಮದ್ದಿನ ಮಸಿಯು ಗೀರುಗಳಲ್ಲಿ ಕಟ್ಟಿಕೊಂಡರೆ ಮುಂದಿನ ಗುಂಡು ಇಳಿಯಲೊಲ್ಲದು. ಆದುದರಿಂದ ಗುಂಡಿನ ಭಾಗದ ಕಾಗದವನ್ನು ಕೊಬ್ಬು ಮತ್ತು ಜೇನುಮೇಣದ ಮಿಶ್ರಣದಲ್ಲಿ ಅದ್ದಿದರು. ಆ ಕೊಬ್ಬು ಯಾವ ಪ್ರಾಣಿಯದಾಗಿರಬೇಕೆಂಬುದನ್ನು ಅಧಿಕಾರಿಗಳು ವಿಧಿಸಲಿಲ್ಲ. ಜನರ ಧರ್ಮಶ್ರದ್ಧೆಯ ವಿಷಯದಲ್ಲಿ ಇಂಥ ಅಲಕ್ಷ್ಯವನ್ನು ನಾನು ಅಲ್ಪ ದೋಷವೆಂದು ಎಣಿಸಲಾರೆ. 1866ರಲ್ಲಿ ಹಿಂದಿನಿಂದ ತುಂಬುವ ಸ್ನೈಡರ್ ಬಂದೂಕು ಬಂದ ಮೇಲೆ ಕಾಗದದ ಸುರುಳಿಯ ಕಾಲವೇ ಮುಗಿಯುತ್ತ ಬಂದಿತು.

ಇನ್ನು ನಮ್ಮ ಸೀಮೆಯ ಮಾತು. ಕೊಲ್ಲಾಪುರದ 27ನೆಯ ಮುಂಬಯಿ ಪದಾತಿದಳವು 1857ರ ಜುಲೈ 31ರಂದು ದಂಗೆಯೆದ್ದಿತು. ಧಾರವಾಡದ 28ನೆಯ ದಳವು ಬಹಿರಂಗವಾಗಿ ಏಳಲಿಲ್ಲ. ಇಲ್ಲಿ ಎದ್ದವರು ಬೇಡರು, ಸಂಸ್ಥಾನಿಕರು. ಅದೇ ವರ್ಷದ 28ನೆಯ ಶಾಸನವು ಆಯುಧ ಮತ್ತು ಮದ್ದುಗುಂಡುಗಳನ್ನಿಟ್ಟುಕೊಳ್ಳುವ ಹಕ್ಕನ್ನು ಸರಕಾರದ ಅಂಕೆಗೆ ತಂದುದರಿಂದ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ನವೆಂಬರಿನಲ್ಲಿ ಸಿಡಿದೆದ್ದರು. ನರಗುಂದದ ಸಂಸ್ಥಾನಿಕರಾದ ಬಾಬಾಸಾಹೇಬರಿಗಂತೂ ಕಂಪನಿಯು ಮಾಡಿದ ದತ್ತಕದ ನಿರಾಕರಣೆಯೇ ಮೊದಲ ಗಾಯ. 1858ರ ಮೇ 29ರ ರಾತ್ರಿ ಸುರಿಬಾನದಲ್ಲಿ ಕಂಪನಿಯ ಪೊಲಿಟಿಕಲ್ ಏಜೆಂಟನಾದ ಮ್ಯಾನ್ಸನ್ ಅವರ ಕಡೆಯವರಿಂದ ಹತನಾದನು, ಜೂನ್ 12ರಂದು ಬಾಬಾಸಾಹೇಬರು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಉತ್ತರದ ಸಿಪಾಯಿಯು ಕೈಗಿತ್ತ ಕಾಡತೂಸನ್ನು ಬೇಡವೆಂದನು. ಹಲಗಲಿಯ ಬೇಡನು ಕೈಯಲ್ಲಿದ್ದ ಆಯುಧವನ್ನು ಕೊಡೆನೆಂದನು. ಬ್ರಿಟಿಷ್ ಅಧಿಕಾರಿಯೂ ವಿದ್ವಾಂಸರೂ ಆದ ಫ್ಲೀಟರು ಸಂಗ್ರಹಿಸಿದ ಹಲಗಲಿಯ ಲಾವಣಿಯಲ್ಲಿ ಕಲಹಕ್ಕೆ ಮೂಲವಾಗಿ ಬರುವುದೂ ಕಾಡತೂಸಲ್ಲ, ಹತಾರ, ಎಂದರೆ ಆಯುಧ.