ಹತ್ತರಲ್ಲೊಂದು ಸೆಕೆಂಡಿನ ತಡ: ಕ್ಷ-ಕಿರಣ ಯಮಳಗಳ ಜೆಟ್‌ನ ಬುಡ ಎಷ್ಟು ದೂರ?

ಕಪ್ಪುಕುಳಿಯೊಂದು ಸಂಗಾತಿ ತಾರೆಯ ಅನಿಲವನ್ನು ಸೆಳೆದುಕೊಳ್ಳುವ ಕ್ಷ-ಕಿರಣ ಯಮಳಗಳಲ್ಲಿ ಯಾವ ಬೆಳಕು ಎಲ್ಲಿಂದ ಹೊರಡುತ್ತದೆ ಎಂಬ ಸ್ಥೂಲ ಚಿತ್ರದ ಬಗ್ಗೆ ಈಗ ಹೆಚ್ಚು ತಕರಾರಿಲ್ಲ. ಕ್ಷ-ಕಿರಣ ಹುಟ್ಟುವುದು ಕುಳಿಯ ತೀರ ಸಮೀಪದಲ್ಲಿ. ರೇಡಿಯೊ ಅಲೆಗಳು ದೂರಕ್ಕೆ ಚಿಮ್ಮಿದ ಜೆಟ್‌ನಲ್ಲಿ. ತಕರಾರು ಉಳಿದಿರುವುದು ಗೋಚರ ಬೆಳಕಿನ ವಿಷಯದಲ್ಲಿ. ಕ್ಷ-ಕಿರಣದಿಂದ ಕಾಯ್ದ ಅನಿಲ ತಟ್ಟೆ ಅದನ್ನು ಮರುಸೂಸುತ್ತದೆ ಎಂಬ ವಿವರಣೆಗೆ 1994ರಲ್ಲಿ ವಾನ್ ಪಾರಾಡೈಸ್ ಮತ್ತು ಮೆಕ್ಲಿಂಟಾಕ್ ಗಟ್ಟಿ ಆಧಾರ ಒದಗಿಸಿದರು. 2001ರಲ್ಲಿ ಕಾನ್‌ಬಾಖ್ ಮತ್ತು ಸಂಗಡಿಗರು ಎಕ್ಸ್‌ಟಿಇ ಜೆ1118+480ರಲ್ಲಿ ಕಂಡದ್ದು ಬೇರೆ: ಕ್ಷ-ಕಿರಣ ಏರುವ ಮುನ್ನವೇ ಗೋಚರ ಬೆಳಕು ಕುಗ್ಗುತ್ತಿತ್ತು. ಬರಿಯ ಮರುಸೂಸುವಿಕೆಯಿಂದ ಇದು ಸಾಧ್ಯವಿಲ್ಲ.

ಗಾಂಧಿ ಮತ್ತು ಸಂಗಡಿಗರು ಜಿಎಕ್ಸ್ 339-4ರ ಗೋಚರ ಬೆಳಕು ಕ್ಷ-ಕಿರಣಕ್ಕಿಂತ ಸುಮಾರು 150 ಮಿಲಿಸೆಕೆಂಡು ತಡವಾಗಿ ಮಿನುಗುವುದನ್ನು 2008ರಲ್ಲಿ ವರದಿ ಮಾಡಿದರು. ವಿ404 ಸಿಗ್ನಿಯಲ್ಲೂ ಸುಮಾರು 0.1 ಸೆಕೆಂಡಿನ ತಡ ಸಿಕ್ಕಿತು. 2017ರ ಆ ಪ್ರಬಂಧದ ಶೀರ್ಷಿಕೆಯೇ ಜೆಟ್‌ನ ಬುಡಕ್ಕೆ 0.1 ಬೆಳಕಿನ ಸೆಕೆಂಡಿನ ಎತ್ತರವನ್ನು ಗೊತ್ತುಮಾಡಿತು. ಮೂರನೆಯದು ಮ್ಯಾಕ್ಸಿ ಜೆ1820+070. ಅಲ್ಲಿನ ತಡ ಸುಮಾರು 165 ಮಿಲಿಸೆಕೆಂಡು ಎಂದು ಪೈಸ್ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದರು. ಈ ತಡಗಳು ಜೆಟ್‌ನವು ಎಂಬುದನ್ನು ನಾನು ಒಪ್ಪುತ್ತೇನೆ. ಜೆ1820ರ ಮಿನುಗು ಕೆಂಪಿನತ್ತ ವಾಲುತ್ತದೆ, ಹತ್ತು ಮಿಲಿಸೆಕೆಂಡಿನಷ್ಟು ಚುರುಕಾಗಿದೆ. ತಟ್ಟೆಯ ಮರುಸೂಸುವಿಕೆ ಎನ್ನಬಹುದಾದ ಗುರುತು ಅದೇ ದತ್ತಾಂಶದಲ್ಲಿ ಸುಮಾರು 5 ಸೆಕೆಂಡಿನ ಬಳಿ ಬೇರೆಯಾಗಿಯೇ ಇದೆ. ನನ್ನ ಭಿನ್ನಾಭಿಪ್ರಾಯ ಮುಂದಿನ ಹೆಜ್ಜೆಯ ಬಗ್ಗೆ: ತಡವನ್ನು ಬೆಳಕಿನ ವೇಗದಿಂದ ಗುಣಿಸಿ, ಬಂದದ್ದನ್ನು ದೂರವೆಂದು ಓದುವುದು.

ಜೆಟ್‌ನ ದ್ರವ್ಯ ನಮ್ಮ ಕಡೆಗೆ ಓರೆಯಾಗಿ ಚಲಿಸುತ್ತದೆ. ದ್ರವ್ಯ ಮೇಲೇರಲು ಹಿಡಿದ ಕಾಲದಿಂದ, ಅದು ನಮಗೆ ಹತ್ತಿರವಾದಷ್ಟು ಬೆಳಕಿಗೆ ಉಳಿದ ಕಾಲವನ್ನು ಕಳೆದರೆ ಸಿಗುವುದೇ ನಾವು ಅಳೆಯುವ ತಡ. ಜೆ1820ರ ಜೆಟ್ ನಮ್ಮ ದೃಷ್ಟಿರೇಖೆಗೆ ಸುಮಾರು 63 ಡಿಗ್ರಿ ಬಾಗಿದೆ. ದ್ರವ್ಯದ ವೇಗ ಬೆಳಕಿನ 0.9 ಪಟ್ಟು ಎಂದಿಟ್ಟುಕೊಂಡರೆ 165 ಮಿಲಿಸೆಕೆಂಡಿಗೆ ದೂರ ಸುಮಾರು 75,000 ಕಿಲೋಮೀಟರು, 0.3 ಪಟ್ಟು ಎಂದರೆ ಸುಮಾರು 17,000. ನೇರ ಗುಣಾಕಾರ ಕೊಡುವ ಸುಮಾರು 49,500 ಇವೆರಡರ ನಡುವೆ ಬೀಳುತ್ತದೆ. ಜೆಟ್ ಇನ್ನೂ ವೇಗ ಕೂಡಿಸಿಕೊಳ್ಳುತ್ತಿರುವ ವಲಯದಲ್ಲಿ ಯಾವ ವೇಗವನ್ನು ಹಿಡಿಯಬೇಕು ಎಂಬುದೇ ಪ್ರಶ್ನೆ. ಅಳತೆಯ ದೋಷಕ್ಕಿಂತ ಈ ನಾಲ್ಕು ಪಟ್ಟಿನ ಅನಿಶ್ಚಿತತೆ ನನ್ನನ್ನು ಹೆಚ್ಚು ಕಾಡುತ್ತದೆ.

ತರಂಗಾಂತರದ ಸಾಕ್ಷ್ಯವೂ ಎಚ್ಚರಿಸುತ್ತದೆ. ಬ್ಲಾಂಡ್‌ಫೋರ್ಡ್ ಮತ್ತು ಕೊನಿಗ್ಲ್ 1979ರಲ್ಲಿ ವಿವರಿಸಿದ ಶಂಕುವಿನಾಕಾರದ ಜೆಟ್‌ನಲ್ಲಿ ತರಂಗಾಂತರ ಹೆಚ್ಚಿದಷ್ಟೂ ಬೆಳಕು ಹೊರಬೀಳುವ ದೂರ ಹೆಚ್ಚುತ್ತದೆ. ರೇಡಿಯೊದಲ್ಲಿ ತಡ ನಿಮಿಷಗಳಿಗೆ ಏರುವುದು ಇದಕ್ಕೆ ಒಪ್ಪುತ್ತದೆ. ಆದರೆ ಜಿಎಕ್ಸ್ 339-4ರ ಅವಕೆಂಪು ತಡವನ್ನು ಕಸೆಲ್ಲಾ ಮತ್ತು ಸಂಗಡಿಗರು 2010ರಲ್ಲಿ ಸುಮಾರು 100 ಮಿಲಿಸೆಕೆಂಡು ಎಂದರು, ಗೋಚರ ಬೆಳಕಿನ ತಡಕ್ಕಿಂತ ಕಡಿಮೆ! ಎರಡೂ ವೀಕ್ಷಣೆಗಳು ಒಂದೇ ಹೊತ್ತಿನವಲ್ಲ, ನಡುವೆ ಯಮಳದ ಸ್ಥಿತಿ ಬದಲಾಗಿರಬಹುದು. ಹಾಗಾಗಿ ಇದನ್ನು ನಿರ್ಣಾಯಕ ಎನ್ನಲಾರೆ. ಹಾಗೆ ಬದಲಾಗಿದ್ದರೂ, ಈ ತಡ ಪ್ರತಿ ಯಮಳದ ಸ್ಥಿರ ಅಳತೆಯಲ್ಲ ಎಂದಾಗುತ್ತದೆ.

ಇಷ್ಟರಿಂದ ನಾನು ಹೇಳಬಯಸುವುದು ಇದು: ಮೂರು ಯಮಳಗಳಲ್ಲಿ ತಡ ಹೆಚ್ಚುಕಡಿಮೆ ಒಂದೇ ಎಂಬುದರಿಂದ ಮೂರರಲ್ಲೂ ಜೆಟ್‌ನ ಬುಡ ಒಂದೇ ಎತ್ತರದಲ್ಲಿದೆ ಎಂದು ತೀರ್ಮಾನಿಸಲಾಗದು. ಈ ಮಾತಿಗೆ ಮಿತಿಗಳಿವೆ. ಬೇರೆ ಬೇರೆ ವೇಗದ ಪದರಗಳು ಡಿಕ್ಕಿಯಾಗಿ ಬೆಳಗುತ್ತವೆ ಎನ್ನುವ ಮಾಲ್ಜಾಕ್ ಮಾದರಿಯ ದಾರಿ ಹಿಡಿದರೆ, ಚುರುಕು ಏರಿಳಿತಗಳು ಹತ್ತಿರದಲ್ಲೂ ನಿಧಾನದವು ದೂರದಲ್ಲೂ ಕರಗಬೇಕು, ತಡವೂ ಅದರಂತೆ ಬದಲಾಗಬೇಕು ಅನ್ನಿಸುತ್ತದೆ. ಜೆ1820ರಲ್ಲಿ ತಡ 0.3ರಿಂದ 10 ಹರ್ಟ್ಸ್‌ವರೆಗೆ ಬಹುಮಟ್ಟಿಗೆ ಒಂದೇ ಆಗಿದೆ. ಆದ್ದರಿಂದ ಬೆಳಗುವ ನಿಶ್ಚಿತ ವಲಯವೊಂದು ಇದೆ ಎಂಬುದನ್ನು ಅಲ್ಲಗಳೆಯಲಾರೆ. ಅಲ್ಲಗಳೆಯುವುದು ಅದರ ದೂರ ಗೊತ್ತಾಗಿದೆ ಎಂಬುದನ್ನು ಮಾತ್ರ.

ಕ್ಷ-ಕಿರಣ, ಗೋಚರ ಬೆಳಕು, ಅವಕೆಂಪು ಮೂರನ್ನೂ ಒಂದೇ ರಾತ್ರಿ, ಮಿಲಿಸೆಕೆಂಡಿನ ನಿಖರತೆಯಲ್ಲಿ ಹಿಡಿದರೆ ತರಂಗಾಂತರದೊಡನೆ ತಡ ಹೇಗೆ ಬೆಳೆಯುತ್ತದೆಂಬುದು ತಿಳಿದೀತು. ವೇಗವನ್ನು ಸ್ವತಂತ್ರವಾಗಿ ಅಳೆಯುವ ಮಾರ್ಗ ಸಿಗುವತನಕ ಅದೂ ಕಿಲೋಮೀಟರುಗಳಲ್ಲಿ ಉತ್ತರ ಕೊಡಲಾರದು.