ಜರ್ಮನಿಯ ಟೆಲಿಫೋನ್ ಕರಾರು

ನಮ್ಮ ಹಿರಿಯರ ಕಾಲಕ್ಕೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ತಾಳೆಯಾಗುತ್ತಿರಲಿಲ್ಲ. ಕಂಪ್ಯೂಟರಿಗೆ ಟೆಲಿಫೋನ್ ಜೋಡಿಸುವ ಕೆಲಸದಲ್ಲೂ ಇಂಥದೇ ತಂಟೆ ಇತ್ತು. ಜರ್ಮನಿಯವರು ಅದನ್ನು ಹೆಂಗ ಬಗೆಹರಿಸಿಕೊಂಡರು ಅನ್ನೋದನ್ನ ಇಲ್ಲಿ ಬರೆಯುತ್ತೇನೆ.

ಮೊದಲು ಡಿಜಿಟಲ್ ಆದದ್ದು ಎಕ್ಸ್‌ಚೇಂಜು. ನಮ್ಮ ದೇಶದ ಸಿ-ಡಾಟ್ ಸಂಸ್ಥೆ ಮಾಡಿದ ಹಳ್ಳಿ ಎಕ್ಸ್‌ಚೇಂಜು 1986ರಲ್ಲಿ ಮೊಟ್ಟಮೊದಲು ಕೂತದ್ದು ಕಿತ್ತೂರಿನಲ್ಲಿ. ಇದು ನಮ್ಮ ಮಂದಿಗೆ ಗೊತ್ತಿರಬೇಕಾದ ಮಾತು. ಆದರೆ ಎಕ್ಸ್‌ಚೇಂಜಿನಿಂದ ಮನೆಗೆ ಬರುವ ತಂತಿಯಲ್ಲಿ ದನಿ ಹಳೆಯ ರೀತಿಯಲ್ಲೇ ಹರಿಯುತ್ತಿತ್ತು. ದನಿಯನ್ನು ಅಂಕಿಗಳಾಗಿಯೇ ಮನೆಯ ತನಕ ಒಯ್ಯುವ ವ್ಯವಸ್ಥೆಗೆ ಐಎಸ್‌ಡಿಎನ್ ಎಂದು ಹೆಸರು. ಜರ್ಮನಿಯ ಅಂಚೆ ಇಲಾಖೆ 1987ರಲ್ಲಿ ಮಾನ್‌ಹೈಮ್, ಸ್ಟುಟ್‌ಗಾರ್ಟ್ ನಗರಗಳಲ್ಲಿ ಇದನ್ನು ಪರೀಕ್ಷಿಸಿ, 1989ರಲ್ಲಿ ಗಿರಾಕಿಗಳಿಗೆ ತೆರೆಯಿತು. ಒಂದು ಜೋಡಿ ತಾಮ್ರದ ತಂತಿಯಲ್ಲಿ ಸೆಕೆಂಡಿಗೆ 64,000 ಬಿಟ್ ಒಯ್ಯುವ ಎರಡು ದಾರಿ. ಕರೆ ಹಚ್ಚುವ, ಮುಗಿಸುವ ಸುದ್ದಿಗೆ 16,000 ಬಿಟ್ಟಿನ ಇನ್ನೊಂದು ಸಣ್ಣ ದಾರಿ. ಒಂದರಲ್ಲಿ ಮಾತಾಡುತ್ತ ಇನ್ನೊಂದರಲ್ಲಿ ಫ್ಯಾಕ್ಸ್ ಕಳಿಸಬಹುದಿತ್ತು.

ಕಂಪ್ಯೂಟರಿಗೆ ಇದನ್ನು ಜೋಡಿಸಲು ಒಂದು ಕಾರ್ಡು ಬೇಕು. ಒಂದೊಂದು ಕಂಪನಿಯ ಕಾರ್ಡಿಗೆ ಒಂದೊಂದು ನಮೂನೆಯ ಆಜ್ಞೆ ಇದ್ದರೆ, ಪ್ರೋಗ್ರಾಂ ಬರೆಯುವವ ಕಾರ್ಡಿಗೊಂದು ಬರೆಯಬೇಕು. ಕೊಂಡ ಗಿರಾಕಿ ಆ ಕಂಪನಿಯ ಕೈಯೊಳಗೆ ಸಿಕ್ಕ ಹಾಗೆ. ಇದನ್ನು ತಪ್ಪಿಸಲು ಅಲ್ಲಿನ ತಯಾರಕರು 1989ರಲ್ಲಿ ಒಟ್ಟಿಗೆ ಕೂತು ಬರೆಯತೊಡಗಿದ ಕರಾರೇ ಕ್ಯಾಪಿ. ಬರ್ಲಿನ್ನಿನ ಎವಿಎಂ ಕಂಪನಿಯೂ ಅದರಲ್ಲಿತ್ತು. ಪೇಟೆಯಲ್ಲಿ ಒಬ್ಬರ ಮೇಲೊಬ್ಬರು ಬೀಳುವವರು ಹೀಗೆ ಕೂಡಿದ್ದು ಸಣ್ಣ ಮಾತಲ್ಲ.

ಮಕ್ಕಳಿಗೆ ಇದನ್ನ ಹೇಳುವಾಗ ನಾನು ಅಂಚೆ ಡಬ್ಬಿಯ ಹೋಲಿಕೆ ಕೊಡುತ್ತೇನೆ. ಪ್ರೋಗ್ರಾಂ ಕಾರ್ಡನ್ನು ನೇರವಾಗಿ ಮುಟ್ಟುವಂತಿಲ್ಲ. ಮೊದಲು ಹೆಸರು ನೋಂದಾಯಿಸಬೇಕು. ಆಮೇಲೆ ಚೀಟಿ ಹಾಕೋದು, ಚೀಟಿ ತಗೊಳ್ಳೋದು, ಅಷ್ಟೇ. 'ಈ ನಂಬರಿಗೆ ಕರೆ ಹಚ್ಚು' ಅಂತ ಚೀಟಿ ಹಾಕಿದರೆ 'ಮುಟ್ಟಿತು' ಅಂತ ತಿರುಗಿ ಒಂದು ಚೀಟಿ ಬರ್ತದ. ಹೊರಗಿಂದ ಕರೆ ಬಂದರೆ ಆ ಕಡೆಯಿಂದ ಸೂಚನೆ. ಪ್ರೋಗ್ರಾಂ ಉತ್ತರ ಕೊಡಲೇಬೇಕು, ತಗೋತೀನಿ ಇಲ್ಲವೇ ಒಲ್ಲೆ ಅಂತ. ಡಬ್ಬಿಯ ಆಚೆ ಯಾರ ಕಾರ್ಡು ಇದೆ ಅನ್ನೋದು ಪ್ರೋಗ್ರಾಮಿಗೆ ಬೇಕಿಲ್ಲ.

ಮುಂದೆ 1990ರ ದಶಕದಲ್ಲಿ ಜರ್ಮನಿ ತನ್ನದೇ ಐಎಸ್‌ಡಿಎನ್ ನಿಯಮ ಬಿಟ್ಟು ಇಡೀ ಯುರೋಪಿನ ನಿಯಮಕ್ಕೆ ಬಂತು. ಕ್ಯಾಪಿಯ 2.0 ಆವೃತ್ತಿ ಬಂದದ್ದು ಆಗಲೇ. ಹಳೆಯ 1.1ಕ್ಕೆ ಬರೆದ ಪ್ರೋಗ್ರಾಂ ಅದರ ಮೇಲೆ ನೇರವಾಗಿ ನಡೆಯಲಿಲ್ಲ. ಇದು ಕರಾರಿನ ದೊಡ್ಡ ಕುಂದು ಅಂತಲೇ ನಾನು ಹೇಳ್ತೀನಿ. ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆ ಎಟ್ಸಿ ಮುಂದೆ ಇದನ್ನು ಮಾನಕವಾಗಿ ಒಪ್ಪಿತು.

ಅಮೆರಿಕದ ಹಾದಿ ಬೇರೆ. ಅಲ್ಲಿ ಎಟಿ ಆ್ಯಂಡ್ ಟಿ ಎಕ್ಸ್‌ಚೇಂಜಿನ ಐಎಸ್‌ಡಿಎನ್ ಒಂದು ನಮೂನೆ, ನಾರ್ದರ್ನ್ ಟೆಲಿಕಾಂ ಎಕ್ಸ್‌ಚೇಂಜಿನದು ಇನ್ನೊಂದು. ತನ್ನೂರಿನ ಎಕ್ಸ್‌ಚೇಂಜು ಯಾವ ನಮೂನೆಯದು ಎಂಬುದನ್ನು ಗಿರಾಕಿ ತಿಳಕೊಂಡು, ಯಂತ್ರಕ್ಕೆ ಹೇಳಬೇಕಾಗುತ್ತಿತ್ತು. ಅಲ್ಲಿ ಐಎಸ್‌ಡಿಎನ್ ಜರ್ಮನಿಯಷ್ಟು ಮನೆಮನೆಗೆ ಹೋಗಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇದ್ದವು ಅನ್ನಿ.

ಕಳೆದ ದಶಕದಲ್ಲಿ ಜರ್ಮನಿಯೂ ಐಎಸ್‌ಡಿಎನ್ ಕೈಬಿಡುತ್ತ ಕರೆಗಳನ್ನು ಇಂಟರ್ನೆಟ್ಟಿಗೆ ಸಾಗಿಸಿತು. ಎವಿಎಂನವರು ಮಾತ್ರ ತಮ್ಮ ಫ್ರಿಟ್ಸ್‌ಬಾಕ್ಸ್ ಎಂಬ ರೌಟರಿನಲ್ಲಿ ಕ್ಯಾಪಿಯನ್ನು ಉಳಿಸಿಕೊಂಡರು. ಅದಕ್ಕೆ ಜೋಡಿಸಿದ ಫ್ಯಾಕ್ಸ್ ಪ್ರೋಗ್ರಾಂ ಎಂದಿನ ಹಾಗೇ ಚೀಟಿ ಹಾಕ್ತದ, ಉತ್ತರ ತಗೋತದ. ಕಂಪ್ಯೂಟರಿನೊಳಗೆ ಕಾರ್ಡಿಲ್ಲ, ಗೋಡೆಯಲ್ಲಿ ಐಎಸ್‌ಡಿಎನ್ ಇಲ್ಲ.